ಸೊನ್ನೆ ಅಂದ್ರೆ ಪೂರ್ತಿ ಸೊನ್ನೆನಾ?

ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ ಕಡೆ ಹಸು ಸಾಕದ ಊರು ಕಡಿಮೆ. ಹಾಗಾಗಿ ಇಲ್ಲಿನ ಪಶು ಆಸ್ಪತ್ರೆಗಳಲ್ಲಿ ಒಂದು ಪಾತ್ರೆ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ನೋಡೋಕೆ ಹಾಲಿನ ಕ್ಯಾನ್ ಥರ, ಆದರೆ ಕುತ್ತಿಗೆ ಸಣ್ಣ. ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತೆ. ಒಳಗಿರೋದು ದ್ರವ ನೈಟ್ರೋಜನ್, ಮೈನಸ್ 196 ಡಿಗ್ರಿ. ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ನಳಿಕೆಗಳನ್ನ ಅದರಲ್ಲಿ ಮುಳುಗಿಸಿ ಇಟ್ಟಿರ್ತಾರೆ. ಪಕ್ಕದ ಹೆಸರಘಟ್ಟದಲ್ಲಿ ಇಂಥ ನಳಿಕೆ ತಯಾರಿಸೋ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ.

ಈ ಕ್ಯಾನಿಗೆ ಪ್ಲಗ್ ಇಲ್ಲ, ಮೋಟಾರ್ ಇಲ್ಲ. ಹೊರಗಿನ ಬಿಸಿ ಎಷ್ಟೇ ತಡೆದರೂ ಚೂರು ಚೂರೇ ಒಳಗೆ ನುಸುಳುತ್ತೆ, ನೈಟ್ರೋಜನ್ ಆವಿಯಾಗ್ತಾ ಹೋಗುತ್ತೆ. ಎಷ್ಟು ಉಳಿದಿದೆ ಅಂತ ನೋಡೋಕೆ ಸಿಬ್ಬಂದಿ ಒಂದು ಅಳತೆ ಕಡ್ಡಿ ಅದ್ದಿ, ಹೊರಗೆ ತೆಗೀತಾರೆ. ಕಡ್ಡಿಯ ಮೇಲೆ ಎಲ್ಲಿವರೆಗೆ ಬೆಳ್ಳಗೆ ಹಿಮ ಕೂತಿದೆಯೋ ಅಲ್ಲಿವರೆಗೆ ದ್ರವ ಇದೆ ಅಂತ ಲೆಕ್ಕ. ಹೋದ ವಾರಕ್ಕಿಂತ ತೀರಾ ಬೇಗ ಇಳೀತಿದ್ದರೆ ಕ್ಯಾನಿನ ಗೋಡೆಯೊಳಗಿನ ನಿರ್ವಾತ ಕೆಟ್ಟಿದೆ ಅಂತ ಅರ್ಥ.

ಈ ಕಡ್ಡಿ ಅಳೀತಿರೋದು ಬರೀ ಲೀಟರ್ ಅಲ್ಲ, ಬಿಸಿಯನ್ನೂ ಹೌದು. ಒಂದು ಲೀಟರ್ ದ್ರವ ನೈಟ್ರೋಜನ್ ಆವಿಯಾಗೋಕೆ ಸುಮಾರು 160 ಕಿಲೋಜೂಲ್ ಶಾಖ ಬೇಕು. ಒಂದು ವಾಟ್ ಬಿಸಿ ಇಡೀ ದಿನ ಒಳಗೆ ನುಗ್ಗಿದರೆ ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಖಾಲಿಯಾಗುತ್ತೆ. ದಿನಕ್ಕೆ 100 ಮಿಲಿ ಮಾತ್ರ ಇಳಿದರೆ ಒಳಗೆ ಹೋಗ್ತಿರೋ ಬಿಸಿ 0.2 ವಾಟ್‌ಗಿಂತಲೂ ಕಡಿಮೆ. ಇಷ್ಟು ಸಣ್ಣ ಶಾಖವನ್ನ ಒಂದು ಕಡ್ಡಿ ಹಿಡಿದುಕೊಡುತ್ತೆ ಅಂದ್ರೆ ಸಾಮಾನ್ಯವಲ್ಲ.

ಭೂಮಿ ಮೇಲೆ ಸೂರ್ಯನ ಥರ ಶಕ್ತಿ ಹುಟ್ಟಿಸೋಕೆ ಹೊರಟಿರುವ ಫ್ಯೂಷನ್ ಯಂತ್ರಗಳ ಭವಿಷ್ಯ ಕೂಡ ಇದೇ ಬಗೆಯ ಲೆಕ್ಕದ ಮೇಲೆ ನಿಂತಿದೆ. ಈ ಸಲದ ಮಾತು ಅದರ ಬಗ್ಗೆ.

ಕಾಂತದ ಪಂಜರ

ಹಗುರ ಪರಮಾಣುಗಳ ಬೀಜಗಳು ಬೆಸೆದುಕೊಂಡಾಗ ಶಕ್ತಿ ಬಿಡುಗಡೆಯಾಗುತ್ತೆ. ಇದೇ ಬೈಜಿಕ ಸಮ್ಮಿಲನ, ಅಂದ್ರೆ ಫ್ಯೂಷನ್. ಇದಕ್ಕೆ ಅನಿಲವನ್ನ ಸುಮಾರು 15 ಕೋಟಿ ಡಿಗ್ರಿಗೆ ಕಾಯಿಸಬೇಕು. ಅಷ್ಟು ಬಿಸಿಯ ಪ್ಲಾಸ್ಮಾವನ್ನ ಯಾವ ಪಾತ್ರೆಯಲ್ಲಿ ಇಡೋದು? ಪಾತ್ರೆಗೆ ತಾಗದ ಹಾಗೆ ಕಾಂತಕ್ಷೇತ್ರದಲ್ಲಿ ಹಿಡಿದು ನಿಲ್ಲಿಸಬೇಕು.

ದಕ್ಷಿಣ ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಇಟರ್ ಯಂತ್ರದಲ್ಲಿ ಅದಕ್ಕಂತಲೇ 18 ದೈತ್ಯ ಕಾಯಿಲ್‌ಗಳಿವೆ. ಒಂದೊಂದರಲ್ಲೂ ಹರಿಯೋ ಕರೆಂಟ್ 68,000 ಆಂಪಿಯರ್. ಕಾಂತಕ್ಷೇತ್ರ 11.8 ಟೆಸ್ಲಾವರೆಗೆ ಹೋಗುತ್ತೆ. ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ ಯಂತ್ರದಲ್ಲಿ ಇರೋದು 1.5 ಟೆಸ್ಲಾ. ಈ 18 ಕಾಯಿಲ್‌ಗಳಲ್ಲಿ ಕೂಡಿಡೋ ಶಕ್ತಿ 41 ಗಿಗಾಜೂಲ್, ನಮ್ಮ ಭಾಷೆಯಲ್ಲಿ ಸುಮಾರು 11,400 ಯೂನಿಟ್. ಗೃಹಜ್ಯೋತಿಯ ಗರಿಷ್ಠ ಮಿತಿಯಾದ 200 ಯೂನಿಟ್ ಲೆಕ್ಕ ಹಿಡಿದರೆ ಒಂದು ಮನೆಗೆ 57 ತಿಂಗಳು ಸಾಕಾಗುವಷ್ಟು.

ಇಷ್ಟು ಕರೆಂಟನ್ನ ತಾಮ್ರದಲ್ಲಿ ಸದಾಕಾಲ ಹರಿಸಿದರೆ ಹುಟ್ಟುವ ವಿದ್ಯುತ್ತೆಲ್ಲ ತಾಮ್ರ ಕಾಯಿಸೋಕೇ ಬೇಕಾದೀತು. ಅದಕ್ಕೇ ಸೂಪರ್‌ಕಂಡಕ್ಟರ್. 1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಅವರು ಪಾದರಸವನ್ನ ದ್ರವ ಹೀಲಿಯಂನಿಂದ ಮೈನಸ್ 269 ಡಿಗ್ರಿಗೆ ತಣಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ರೋಧ ಸೊನ್ನೆ, ಹಾಗಾಗಿ ನಷ್ಟವೂ ಸೊನ್ನೆ. ಪಾಠಪುಸ್ತಕದಲ್ಲಿ ನಾವು ಓದಿದ್ದು ಇಷ್ಟು. ಕಥೆ ಇಲ್ಲಿಗೆ ಮುಗಿಯೋಲ್ಲ.

ಬದಲಾವಣೆಗೆ ಬೆಲೆ ಇದೆ

ಹೊಸಕೋಟೆ ದಾಟಿ ಮುಂದೆ ಕೋಲಾರದ ಕಡೆ ಹೋದರೆ, ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,370 ಕಿ.ಮೀ. ದೂರ ಡಿಸಿ ರೂಪದಲ್ಲಿ ಬರೋ ವಿದ್ಯುತ್ತನ್ನ ಇಳಿಸಿಕೊಳ್ಳುವ ಕೇಂದ್ರ ಇದೆ. ಅದು ಒಂದೇ ದಿಕ್ಕಿಗೆ ಹರಿಯೋ ಕರೆಂಟ್. ನೆಲಮಂಗಲದ 400 ಕೆ.ವಿ. ಸ್ಟೇಷನ್‌ನಲ್ಲಿರೋದು ಎಸಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುವ ಕರೆಂಟ್. ಸೂಪರ್‌ಕಂಡಕ್ಟರ್‌ನ "ಸೊನ್ನೆ" ಅನ್ನೋ ಮಾತು ಸಲ್ಲೋದು ಏರಿಳಿತ ಇಲ್ಲದ ಡಿಸಿಗೆ ಮಾತ್ರ. ಕರೆಂಟ್ ಅಥವಾ ಕಾಂತಕ್ಷೇತ್ರ ಬದಲಾದ ಕೂಡಲೇ ಒಳಗೆ ಬಿಸಿ ಹುಟ್ಟುತ್ತೆ. ಇದಕ್ಕೆ ಎಸಿ ನಷ್ಟ ಅಂತ ಹೆಸರು.

ಫ್ಯೂಷನ್ ಯಂತ್ರದಲ್ಲಿ ಬದಲಾವಣೆ ತಪ್ಪಿದ್ದಲ್ಲ. ನಡುವಿನ ಕಾಯಿಲ್‌ನ ಕರೆಂಟ್ ಏರಿಳಿಸಿಯೇ ಪ್ಲಾಸ್ಮಾದೊಳಗೆ ಕರೆಂಟ್ ಹರಿಸಬೇಕು. ಪ್ಲಾಸ್ಮಾ ಚೂರು ವಾಲಿದರೂ ಸುತ್ತಲಿನ ಕಾಯಿಲ್‌ಗಳು ತಕ್ಷಣ ಸರಿಮಾಡಬೇಕು. ಕೆಲವೊಮ್ಮೆ ಪ್ಲಾಸ್ಮಾ ದಿಢೀರನೆ ಕುಸಿಯೋದೂ ಉಂಟು. ಪ್ರತಿ ಸಲವೂ ಕಾಂತಕ್ಷೇತ್ರ ಬದಲಾಗುತ್ತೆ, ಪ್ರತಿ ಸಲವೂ ಬಿಸಿ.

ಊರ ಪಕ್ಕದ ಟೀಸಿ ಗೊತ್ತಲ್ಲ? ಒಂದು ಮನೆಯಲ್ಲೂ ಸ್ವಿಚ್ ಹಾಕದಿದ್ದರೂ ಅದು ಬೆಚ್ಚಗಿರುತ್ತೆ. ಒಳಗಿನ ಕಬ್ಬಿಣದಲ್ಲಿ ಕಾಂತತ್ವ ಹಿಂದೆ ಮುಂದೆ ತಿರುಗೋದಕ್ಕೆ ತಗಲುವ ಖರ್ಚು ಅದು. ಆ ಬಿಸಿಯನ್ನ ಎಣ್ಣೆಯೂ ಹೊರಗಿನ ರೆಕ್ಕೆಗಳೂ ಗಾಳಿಗೆ ಬಿಡ್ತವೆ. ಬೆಂಗಳೂರಿನ ಸಿಪಿಆರ್‌ಐ, ಅಂದ್ರೆ 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ, ಟ್ರಾನ್ಸ್‌ಫಾರ್ಮರ್‌ಗಳ ಇಂಥ ನಷ್ಟವನ್ನ ಅಳೆದು ವರದಿ ಕೊಡ್ತಾರೆ. ಸೂಪರ್‌ಕಂಡಕ್ಟರ್ ಕಾಯಿಲ್‌ನಲ್ಲಿ ಆಗೋದೂ ಹೆಚ್ಚುಕಮ್ಮಿ ಇದೇ ಕುಲದ್ದು, ಆದರೆ ಮೂರು ದಾರಿಯಲ್ಲಿ.

ಮೊದಲನೇದು, ಕಾಂತಕ್ಷೇತ್ರ ಸೂಪರ್‌ಕಂಡಕ್ಟರ್ ಒಳಗೆ ಸಣ್ಣ ಎಳೆಗಳಾಗಿ ಹೊಕ್ಕು, ಅಲ್ಲಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ. ಕ್ಷೇತ್ರ ಬದಲಾದಾಗ ಆ ಎಳೆಗಳು ಜರುಗಬೇಕು. ಬೇಲಿ ಮುಳ್ಳಿಗೆ ಸಿಕ್ಕ ಸೆರಗನ್ನ ಎಳೆದ ಹಾಗೆ, ಎಳೆದಷ್ಟೂ ಶಕ್ತಿ ಖರ್ಚು. ಹಾಗಂತ ಮುಳ್ಳೇ ಬೇಡ ಅನ್ನೋ ಹಾಗಿಲ್ಲ, ಆ ಹಿಡಿತ ಇರೋದರಿಂದಲೇ ತಂತಿ ಅಷ್ಟೊಂದು ಕರೆಂಟ್ ಹೊರೋದು. ಪರಿಹಾರ ಅಂದ್ರೆ ಎಳೆಯನ್ನ ತೆಳು ಮಾಡೋದು. 1962ರಲ್ಲಿ ಚಾರ್ಲ್ಸ್ ಬೀನ್ ಅವರು ಕೊಟ್ಟ ಲೆಕ್ಕದ ಪ್ರಕಾರ, ಕ್ಷೇತ್ರ ಎಳೆಯ ಒಳಗೆಲ್ಲ ಹೊಕ್ಕ ಮೇಲೆ, ಎಳೆ ದಪ್ಪ ಅರ್ಧವಾದರೆ ಈ ನಷ್ಟವೂ ಅರ್ಧ. ಅದಕ್ಕೇ ಒಂದು ಮಿಲಿಮೀಟರೂ ಇಲ್ಲದ ತಂತಿಯೊಳಗೆ ತಾಮ್ರದ ನಡುವೆ ಸಾವಿರಾರು ಎಳೆ ಇರುತ್ತೆ. ಎಷ್ಟೋ ತಂತಿಗಳಲ್ಲಿ ಅವು ರೇಷ್ಮೆ ಎಳೆಗಿಂತಲೂ ತೆಳು.

ಎರಡನೇದು, ಅಕ್ಕಪಕ್ಕದ ಎರಡು ಎಳೆಗಳ ನಡುವೆ ತಾಮ್ರ ಇದೆಯಲ್ಲ? ಕ್ಷೇತ್ರ ಬದಲಾದಾಗ ಒಂದು ಎಳೆಯಲ್ಲಿ ಹೋಗಿ, ತಾಮ್ರ ದಾಟಿ, ಇನ್ನೊಂದು ಎಳೆಯಲ್ಲಿ ವಾಪಸ್ ಬರೋ ಕಳ್ಳ ಕರೆಂಟ್ ಹುಟ್ಟಿಕೊಳ್ಳುತ್ತೆ. ತಾಮ್ರ ದಾಟುವಾಗ ಬಿಸಿ. ಇದಕ್ಕೆ ಮದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೆ ಚೆನ್ನಾಗಿ ಗೊತ್ತಿರೋ ಕೆಲಸವೇ: ಹುರಿ ಹಾಕೋದು. ರೇಷ್ಮೆಗೆ ಹುರಿ ಹಾಕೋದು ನೂಲು ಗಟ್ಟಿಯಾಗಲಿ ಅಂತ. ಇಲ್ಲಿ ಹುರಿ ಹಾಕಿದಾಗ ಪ್ರತಿ ಅರ್ಧ ಸುತ್ತಿಗೂ ಎಳೆಗಳು ಜಾಗ ಅದಲು ಬದಲಾಗಿ, ಒಂದು ತುಂಡಿನ ತಳ್ಳಾಟವನ್ನ ಪಕ್ಕದ ತುಂಡು ಹೊಡೆದುಹಾಕುತ್ತೆ. ಹುರಿ ಬಿಗಿಯಾಗಿ, ಒಂದು ಸುತ್ತಿನ ಉದ್ದ ಅರ್ಧಕ್ಕಿಳಿದರೆ ಈ ನಷ್ಟ ಕಾಲು ಭಾಗಕ್ಕಿಳಿಯುತ್ತೆ. ಇಟರ್‌ನ ದೊಡ್ಡ ಕೇಬಲ್‌ನಲ್ಲಿ ಸುಮಾರು 900 ಸೂಪರ್‌ಕಂಡಕ್ಟರ್ ತಂತಿ, 500ಕ್ಕೂ ಹೆಚ್ಚು ತಾಮ್ರದ ತಂತಿ ಸೇರಿಸಿ ಹಂತ ಹಂತವಾಗಿ ಹುರಿ ಹೊಸೆದಿದ್ದಾರೆ.

ಮೂರನೇದು, ಸುತ್ತಲಿನ ತಾಮ್ರ, ಉಕ್ಕಿನ ಕವಚದಲ್ಲೇ ಸುಳಿಯೋ ಕರೆಂಟ್. ಇಂಡಕ್ಷನ್ ಒಲೆ ಮೇಲಿನ ಪಾತ್ರೆ ಬಿಸಿಯಾಗೋದಕ್ಕೆ ಮುಖ್ಯ ಕಾರಣವೂ ಇದೇ.

ಒಂದು ವಾಟ್, ಇನ್ನೂರೈವತ್ತು ವಾಟ್

ಇದೆಲ್ಲ ಸೇರಿದರೂ ನಷ್ಟ ಸಣ್ಣದೇ. ಹಾಗಿದ್ದರೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು?

ಎರಡು ಕಾರಣ. ಮೈನಸ್ 269 ಡಿಗ್ರಿ ಹತ್ತಿರ ತಾಮ್ರಕ್ಕೆ ಬಿಸಿ ತಡೆದುಕೊಳ್ಳೋ ಶಕ್ತಿ ನಮ್ಮ ಕೋಣೆಯಲ್ಲಿರೋದರ ಸಾವಿರಾರು ಪಾಲು ಕಡಿಮೆ. ಒಂದು ಹನಿ ಶಾಖ ಬಿದ್ದರೂ ತಾಪ ಜಿಗಿಯುತ್ತೆ. ತಂತಿ ತನ್ನ ಮಿತಿ ದಾಟಿದರೆ ಸೂಪರ್‌ಕಂಡಕ್ಟರ್ ಆಗಿ ಉಳಿಯೋಲ್ಲ, ಮಾಮೂಲಿ ಲೋಹವಾಗಿ ಇನ್ನಷ್ಟು ಬಿಸಿಯಾಗುತ್ತೆ. ಇದಕ್ಕೆ ಕ್ವೆಂಚ್ ಅಂತಾರೆ.

ಎರಡನೇ ಕಾರಣ ಖರ್ಚು. ಅಷ್ಟು ತಣ್ಣನೆ ಜಾಗದಿಂದ ಒಂದು ವಾಟ್ ಶಾಖ ಹೊರಗೆ ಎತ್ತಿಹಾಕೋಕೆ ಪ್ರಕೃತಿಯ ನಿಯಮದ ಪ್ರಕಾರವೇ ಕನಿಷ್ಠ 66 ವಾಟ್ ವಿದ್ಯುತ್ ಬೇಕು. ನಿಜವಾದ ಯಂತ್ರಗಳಲ್ಲಿ ಅದು 200ರಿಂದ 300 ವಾಟ್ ಆಗುತ್ತೆ. ಇಟರ್‌ನ ಹೀಲಿಯಂ ತಣಿಸೋ ಘಟಕಗಳ ಒಟ್ಟು ಸಾಮರ್ಥ್ಯ 75 ಕಿಲೋವಾಟ್. ವಾಟ್‌ಗೆ 250ರಂತೆ ಹಿಡಿದರೆ ಬೇಕಾಗೋದು ಸುಮಾರು 19 ಮೆಗಾವಾಟ್. ಈ 75ರಲ್ಲಿ ಎಸಿ ನಷ್ಟದ ಜೊತೆಗೆ ಹೊರಗಿನಿಂದ ನುಸುಳೋ ಬಿಸಿ, ಪಂಪುಗಳ ಬಿಸಿ ಎಲ್ಲ ಇದೆ. ಆದರೆ ಎಲ್ಲಿ ಒಂದು ವಾಟ್ ಉಳಿಸಿದರೂ ಗೋಡೆಯ ಮೀಟರ್‌ನಲ್ಲಿ 250 ವಾಟ್ ಉಳಿಯುತ್ತೆ. ಇಟರ್‌ನ ಖರ್ಚಿನಲ್ಲಿ ಭಾರತದ ಪಾಲು ಸುಮಾರು ಶೇ 9. ಹೀಲಿಯಂ ಸಾಗಿಸೋ ಶೀತಲ ಪೈಪ್‌ಲೈನ್‌ಗಳು ನಮ್ಮ ದೇಶದ ಜವಾಬ್ದಾರಿಯಲ್ಲೇ ಇವೆ. ಹಾಗಾಗಿ ಈ ಲೆಕ್ಕ ನಮ್ಮ ತೆರಿಗೆ ದುಡ್ಡಿನದ್ದೂ ಹೌದು.

ಅಳೆಯೋದು ಹೇಗೆ?

ಒಂದು ದಾರಿ, ಆವಿ ಅಳೆಯೋದು. ಕಾಯಿಲ್‌ನ ತುಂಡನ್ನ ದ್ರವ ಹೀಲಿಯಂನಲ್ಲಿ ಮುಳುಗಿಸಿ, ಕರೆಂಟ್ ಏರಿಳಿಸಿ, ಎಷ್ಟು ಅನಿಲ ಮೇಲೆದ್ದಿತು ಅಂತ ನೋಡೋದು. ಪಶು ಆಸ್ಪತ್ರೆಯ ಕ್ಯಾನಿನ ತತ್ವವೇ, ಆದರೆ ಹೀಲಿಯಂ ನೈಟ್ರೋಜನ್‌ಗಿಂತ ಬಹಳ ನಾಜೂಕು. ಒಂದು ವಾಟ್ ಬಿಸಿಗೆ ಗಂಟೆಗೆ ಸುಮಾರು 1.4 ಲೀಟರ್ ದ್ರವ ಖಾಲಿ. ಅದು ಅನಿಲವಾಗಿ ಕೋಣೆಯ ತಾಪಕ್ಕೆ ಬಂದಾಗ ಸಾವಿರ ಲೀಟರ್ ದಾಟುತ್ತೆ. ಹೀಗಾಗಿ ಕಡ್ಡಿ ಬದಲು ಅನಿಲದ ಹರಿವಿನ ಮೀಟರ್ ಇಡ್ತಾರೆ. ಮೀಟರ್ ಹೇಳೋದು ನಿಜವಾ ಅಂತ ನೋಡೋಕೆ ಅದೇ ಪಾತ್ರೆಯಲ್ಲಿ ಒಂದು ಪುಟ್ಟ ಹೀಟರ್ ಇಟ್ಟು, ಗೊತ್ತಿರೋ ಅರ್ಧ ವಾಟ್, ಒಂದು ವಾಟ್ ಕೊಟ್ಟು, ಹರಿವು ಎಷ್ಟಾಯಿತು ಅಂತ ಮೊದಲೇ ಬರೆದುಕೊಳ್ತಾರೆ. ತಕ್ಕಡಿಗೆ ಬಟ್ಟಿಟ್ಟು ನೋಡಿದ ಹಾಗೆ.

ದೊಡ್ಡ ಕೇಬಲ್‌ಗಳಲ್ಲಿ ಹೀಲಿಯಂ ಒಳಗೇ ಹರೀತಾ ಇರುತ್ತೆ. ಅಲ್ಲಿ ಒಳಹೋಗುವ ಕಡೆ, ಹೊರಬರುವ ಕಡೆ ತಾಪ ಎಷ್ಟು ಅಂತ ನೋಡಬೇಕು. ವ್ಯತ್ಯಾಸ ಒಂದು ಡಿಗ್ರಿಯ ನೂರನೇ ಭಾಗಗಳಲ್ಲಿ ಇರಬಹುದು. ಇಟರ್‌ನ ಕೇಬಲ್ ತುಂಡುಗಳನ್ನ ಸ್ವಿಟ್ಜರ್ಲೆಂಡ್‌ನ ವಿಲಿಗೆನ್‌ನಲ್ಲಿರುವ ಸುಲ್ತಾನ್ ಅನ್ನೋ ಪರೀಕ್ಷಾ ಕೇಂದ್ರಕ್ಕೆ ಕಳಿಸಿ ಹೀಗೆ ಪರೀಕ್ಷಿಸಿದ್ದಾರೆ.

ಇನ್ನೊಂದು ದಾರಿ ವಿದ್ಯುತ್ತಿನದ್ದು: ವೋಲ್ಟೇಜ್ ಅಳೆದು ಕರೆಂಟಿನಿಂದ ಗುಣಿಸೋದು. ಕೇಳೋಕೆ ಸುಲಭ, ಆದರೆ ಇಲ್ಲೊಂದು ತೊಡಕಿದೆ. ದೊಡ್ಡಬಳ್ಳಾಪುರ, ದಾಬಸಪೇಟೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋರಿಗೆ ಪವರ್ ಫ್ಯಾಕ್ಟರ್ ಹೊಸ ಮಾತಲ್ಲ. ಕಾಯಿಲ್‌ನ ಪವರ್ ಫ್ಯಾಕ್ಟರ್ ಸೊನ್ನೆಗೆ ತೀರಾ ಹತ್ತಿರ. ಉದಾಹರಣೆಗೆ 1,000 ವೋಲ್ಟ್-ಆಂಪಿಯರ್ ಅತ್ತಿತ್ತ ಓಲಾಡ್ತಿರುವಾಗ ನಿಜವಾದ ನಷ್ಟ 1 ವಾಟ್ ಅಂತ ಇಟ್ಕೊಳ್ಳಿ. ಅಳೆಯೋ ಉಪಕರಣ ಎರಡರ ನಡುವಿನ ಕೋನವನ್ನ ಬರೀ 0.1 ಡಿಗ್ರಿ ತಪ್ಪಾಗಿ ಓದಿದರೂ ಉತ್ತರದಲ್ಲಿ 1.7 ವಾಟ್ ವ್ಯತ್ಯಾಸ. ಮೀಟರ್ 2.7 ಅನ್ನಬಹುದು, ಮೈನಸ್ 0.7 ಅಂತಲೂ ಅನ್ನಬಹುದು. ಮೈನಸ್ ಅಂದ್ರೆ ಕಾಯಿಲ್ ತಾನೇ ವಿದ್ಯುತ್ ಹುಟ್ಟಿಸ್ತಿದೆ ಅಂತ!

ಹಾಗಾಗಿ ಓಲಾಡೋ ದೊಡ್ಡ ಭಾಗವನ್ನ ಇನ್ನೊಂದು ಪುಟ್ಟ ಕಾಯಿಲ್‌ನ ವೋಲ್ಟೇಜ್ ಎದುರಿಗಿಟ್ಟು ಕಳೀತಾರೆ, ಉಳಿದ ಚೂರನ್ನ ಮಾತ್ರ ಹಿಡೀತಾರೆ. ಆವಿಯ ದಾರಿ ನಿಧಾನ, ಆದರೆ ಈ ಕೋನದ ತಪ್ಪು ಅದಕ್ಕೆ ತಟ್ಟೋದಿಲ್ಲ. ವಿದ್ಯುತ್ ದಾರಿ ಚುರುಕು, ಆದರೆ ಎಚ್ಚರ ತಪ್ಪಿದರೆ ಮೋಸ ಹೋಗ್ತೀವಿ. ಎರಡೂ ಒಂದೇ ಉತ್ತರ ಕೊಟ್ಟಾಗ ಅದನ್ನ ನಂಬಬಹುದು.

ಹತ್ತು ವಾಟ್ ಕೊಟ್ಟ ಪಾಠ

ಸಣ್ಣ ಬಿಸಿ ಗಮನಕ್ಕೆ ಬಾರದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ ಫ್ಯೂಷನ್ ಯಂತ್ರದ್ದಲ್ಲ, ಅದೇ ಜಾತಿಯ ಮ್ಯಾಗ್ನೆಟ್‌ಗಳಿರೋ ಜಿನೀವಾದ ಎಲ್‌ಎಚ್‌ಸಿಯದ್ದು. 2008ರ ಸೆಪ್ಟೆಂಬರ್ 19ರಂದು ಅಲ್ಲಿ ಕರೆಂಟ್ ಏರಿಸ್ತಾ ಸುಮಾರು 8,700 ಆಂಪಿಯರ್‌ಗೆ ಬಂದಾಗ ಎರಡು ಮ್ಯಾಗ್ನೆಟ್‌ಗಳ ನಡುವಿನ ಒಂದು ಬೆಸುಗೆ ಕಿತ್ತುಹೋಯಿತು. ಕಿಡಿ ಹಾರಿ ಹೀಲಿಯಂ ಕವಚ ತೂತಾಗಿ, ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ಯಂತ್ರ ಮತ್ತೆ ಶುರುವಾಗಿದ್ದು 2009ರ ನವೆಂಬರ್‌ನಲ್ಲಿ.

ಆಮೇಲೆ ಹಳೆಯ ದಾಖಲೆ ಕೆದಕಿದಾಗ, ಅದಕ್ಕೂ ಮೊದಲೇ 7,000 ಆಂಪಿಯರ್ ಹರಿದಾಗ ಅದೇ ಜಾಗದಲ್ಲಿ ಸುಮಾರು 10 ವಾಟ್ ಹೆಚ್ಚಿನ ಬಿಸಿ ಕಂಡಿತ್ತು. ಲೆಕ್ಕ ಹಾಕಿದರೆ ಬೆಸುಗೆಯ ರೋಧ ಸುಮಾರು 200 ನ್ಯಾನೋ-ಓಮ್. ಒಂದು ಓಮ್‌ನ ಐವತ್ತು ಲಕ್ಷದಲ್ಲೊಂದು ಪಾಲು. ಎಚ್ಚರಿಕೆ ದಾಖಲೆಯಲ್ಲೇ ಇತ್ತು, ಓದೋ ವ್ಯವಸ್ಥೆ ಇರಲಿಲ್ಲ. ಆ ದುರಂತದ ನಂತರ ಬೆಸುಗೆಗಳ ಇಂಥ ಬಿಸಿ ಹುಡುಕೋದೇ ಅಲ್ಲಿ ನಿಯಮಿತ ಕೆಲಸವಾಯಿತು.

ನಮ್ಮ ದೇಶದ ಕಥೆಯೂ ಇದಕ್ಕೆ ಹತ್ತಿರದ್ದೇ. ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಎಸ್‌ಎಸ್‌ಟಿ-1 ಅನ್ನೋ ಫ್ಯೂಷನ್ ಪ್ರಯೋಗ ಯಂತ್ರ ಇದೆ. ಮೊದಲ ಜೋಡಣೆಯಲ್ಲಿ ಹೀಲಿಯಂ ಸೋರಿಕೆ, ಜಾಯಿಂಟ್‌ಗಳ ತೊಂದರೆ ಕಾಡಿದವು. ಯಂತ್ರ ಬಿಚ್ಚಿ, ಜಾಯಿಂಟ್‌ಗಳನ್ನ ಹೊಸದಾಗಿ ಮಾಡಿ, 16 ಮುಖ್ಯ ಕಾಯಿಲ್‌ಗಳನ್ನ ಒಂದೊಂದಾಗಿ ತಣಿಸಿ, ಕರೆಂಟ್ ಹರಿಸಿ ಪರೀಕ್ಷೆ ಮಾಡಿದರು. 2013ರ ಜೂನ್‌ನಲ್ಲಿ ಮೊದಲ ಪ್ಲಾಸ್ಮಾ ಸಿಕ್ಕಿತು. ಆ ಯಂತ್ರದಲ್ಲೂ ಅತಿ ವೇಗವಾಗಿ ಕರೆಂಟ್ ಬದಲಾಗೋ ನಡುವಿನ ಕಾಯಿಲ್ ಸೂಪರ್‌ಕಂಡಕ್ಟರ್‌ನದ್ದಲ್ಲ, ತಾಮ್ರದ್ದು.

ಹೊಸ ಟೇಪು, ಹಳೇ ಪ್ರಶ್ನೆ

1987ರಲ್ಲಿ ದ್ರವ ನೈಟ್ರೋಜನ್‌ನಲ್ಲೇ ಕೆಲಸ ಮಾಡೋ ಸೂಪರ್‌ಕಂಡಕ್ಟರ್ ವಸ್ತುಗಳು ಸಿಕ್ಕಾಗ ಜಗತ್ತೇ ಎದ್ದು ಕೂತಿತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅದೇ ವರ್ಷ ಈ ವಸ್ತುಗಳ ಬಗ್ಗೆ ಸಂಶೋಧನಾ ಪ್ರಬಂಧ ಪ್ರಕಟಿಸಿತು. ಈಗ ಅವು ತೆಳ್ಳನೆ ಟೇಪಿನ ರೂಪದಲ್ಲಿ ಮಾರುಕಟ್ಟೆಯಲ್ಲಿವೆ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಂಐಟಿ ಮತ್ತು ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಇಂಥ ಟೇಪಿನ ದೊಡ್ಡ ಕಾಯಿಲ್‌ನಲ್ಲಿ 20 ಟೆಸ್ಲಾ ಮುಟ್ಟಿದವು. ಫ್ಯೂಷನ್ ಕನಸಿಟ್ಟುಕೊಂಡ ಖಾಸಗಿ ನವೋದ್ಯಮಗಳು ಹೆಚ್ಚಾಗೋಕೆ ಇದೂ ಒಂದು ಕಾರಣ. ಬೆಂಗಳೂರಿನಲ್ಲೇ ಪ್ರಾನೋಸ್ ಫ್ಯೂಷನ್ ಅನ್ನೋ ಕಂಪನಿ ಇದೆ.

ಈ ಟೇಪನ್ನ ಮೈನಸ್ 253 ಡಿಗ್ರಿಯಲ್ಲಿ ನಡೆಸಿದರೆ ಒಂದು ವಾಟ್‌ಗೆ ಕನಿಷ್ಠ ಖರ್ಚು 66 ವಾಟ್‌ನಿಂದ 14ಕ್ಕೆ ಇಳಿಯುತ್ತೆ. ದೊಡ್ಡ ಉಳಿತಾಯ. ಆದರೆ ಟೇಪು ಚಪ್ಪಟೆ, ಅಗಲ ಹಲವು ಮಿಲಿಮೀಟರ್. ಸಣ್ಣ ಸಣ್ಣ ಎಳೆಗಳಾಗಿ ಸೀಳಿ ಹುರಿ ಹಾಕೋದು ಸುಲಭವಲ್ಲ. ಬದಲಾಗೋ ಕ್ಷೇತ್ರ ಅದರ ಅಗಲಕ್ಕೆ ಎದುರಾಗಿ ಬಂದರೆ ನಷ್ಟ ಜಾಸ್ತಿ. ಒಂದು ಕೈಯಲ್ಲಿ ಉಳಿಸಿದ್ದು ಇನ್ನೊಂದು ಕೈಯಲ್ಲಿ ಎಷ್ಟು ಸೋರುತ್ತೆ ಅನ್ನೋದು ಕಾಯಿಲ್ ಸುತ್ತಿ, ತಣಿಸಿ, ಅಳೆದ ಮೇಲಷ್ಟೇ ಖಚಿತವಾಗೋದು.

ಇದು ಬರೀ ಭೌತವಿಜ್ಞಾನಿಗಳ ಕೆಲಸವೂ ಅಲ್ಲ. ತಾಪದ ಸೆನ್ಸರ್, ಸಣ್ಣ ವೋಲ್ಟೇಜ್ ಹಿಡಿಯೋ ಸರ್ಕ್ಯೂಟ್, ಅನಿಲದ ಹರಿವು, ಡೇಟಾ ಶೋಧಿಸೋ ಸಾಫ್ಟ್‌ವೇರ್, ನಿರ್ವಾತದ ವೆಲ್ಡಿಂಗ್ ಎಲ್ಲವೂ ಬೇಕು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅತಿಶೀತ ತಂತ್ರಜ್ಞಾನಕ್ಕೆ ಅಂತಲೇ ಒಂದು ಕೇಂದ್ರ ಇದೆ. ಇನ್‌ಸ್ಟ್ರುಮೆಂಟೇಷನ್, ಎಲೆಕ್ಟ್ರಿಕಲ್ ಓದಿ "ನಮ್ಮ ಓದಿಗೆ ಕೋಡಿಂಗ್ ಬಿಟ್ಟರೆ ಬೇರೆ ದಾರಿ ಇಲ್ಲ" ಅಂದುಕೊಂಡಿರೋ ನಮ್ಮ ಹುಡುಗ ಹುಡುಗೀರು ಈ ಕಡೆ ಒಮ್ಮೆ ಕಣ್ಣು ಹಾಯಿಸಬಹುದು.

ಉಳಿದವರಿಗೆ ಒಂದೇ ಮಾತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಲೇಸರ್ ಪ್ರಯೋಗದಲ್ಲಿ 2.05 ಮೆಗಾಜೂಲ್ ಕೊಟ್ಟು 3.15 ಪಡೆದರು ಅಂತ ಎಲ್ಲರ ಫೋನಿಗೂ ಸುದ್ದಿ ಬಂತು. ಸುದ್ದಿ ನಿಜ. ಆದರೆ ಆ ಲೇಸರ್‌ಗಳನ್ನ ನಡೆಸೋಕೆ ಗೋಡೆಯಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಇಟರ್‌ನ ಗುರಿಯಾದ "50 ಮೆಗಾವಾಟ್‌ಗೆ 500 ಮೆಗಾವಾಟ್" ಅನ್ನೋದೂ ಪ್ಲಾಸ್ಮಾಕ್ಕೆ ಕೊಟ್ಟ ಬಿಸಿಯ ಲೆಕ್ಕ, ತಣಿಸೋ ಘಟಕದ ಬಿಲ್ ಅದರಲ್ಲಿ ಸೇರಿಲ್ಲ. ಯಾರೂ ಸುಳ್ಳು ಹೇಳಿಲ್ಲ, ಗೆರೆ ಎಲ್ಲಿ ಎಳೆದರು ಅನ್ನೋದಷ್ಟೇ ಬೇರೆ.

ಅದಕ್ಕೇ ಮುಂದಿನ ಸಲ "ಫ್ಯೂಷನ್ ಬಂದೇ ಬಿಟ್ಟಿತು" ಅಂತ ಯಾರಾದರೂ ಲಿಂಕ್ ಕಳಿಸಿದರೆ, ಎಷ್ಟು ಬಂತು ಅನ್ನೋದರ ಜೊತೆ ಎಷ್ಟು ಹೋಯಿತು, ಅದನ್ನ ಯಾವ ಮೀಟರ್‌ನಲ್ಲಿ ಅಳೆದರು ಅಂತಲೂ ಕೇಳಿ. ಈ ಎರಡನೇ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡೋರ ಹತ್ತಿರ ಕೆಲಸ ನಿಜವಾಗಿ ಮುಂದೆ ಹೋಗಿದೆ ಅಂತ ತಿಳ್ಕೊಳ್ಳಿ.